ಮಾತು ಕೊಟ್ಟ ಹುಡುಗರು: ಗ್ರೆಶಮ್ಸ್ ಶಾಲೆಯಿಂದ ಹೊರಬಿದ್ದವರ ಬದುಕು

ನಮ್ಮ ಕಡೆ ಯಾವುದಾದರೂ ಶಾಲೆಗೆ ನೂರು ವರ್ಷ ತುಂಬಿದರೆ ಒಂದು ಸ್ಮರಣ ಸಂಚಿಕೆ ಬರುತ್ತದೆ. ಮೊದಲು ಶಾಸಕರ ಶುಭಾಶಯ, ಆಮೇಲೆ ದಾನಿಗಳ ಫೋಟೋ. ನಂತರದ ಪುಟದಲ್ಲಿ 'ನಮ್ಮ ಹೆಮ್ಮೆಯ ಹಳೆ ವಿದ್ಯಾರ್ಥಿಗಳು'. ಜಡ್ಜ್ ಆದವರು, ಡಾಕ್ಟರ್ ಆದವರು, ಅಮೆರಿಕಕ್ಕೆ ಹೋದವರು ಎಲ್ಲರೂ ಅಲ್ಲಿರುತ್ತಾರೆ. ಜೈಲಿಗೆ ಹೋದವರು ಮಾತ್ರ ಇರುವುದಿಲ್ಲ. ಅವರೂ ಅದೇ ಬೆಂಚಿನಲ್ಲಿ ಕೂತಿದ್ದವರೇ, ಅಲ್ವಾ?

ಇಲ್ಲಿ ಕೂತಿರುವ ನಿಮಗೆಲ್ಲ ಇವತ್ತು ನಾನು ಹೇಳಹೊರಟಿರುವ ಶಾಲೆಯ ಪಟ್ಟಿಯಲ್ಲಿ ಇಂಗ್ಲಿಷಿನ ಒಬ್ಬ ದೊಡ್ಡ ಕವಿ ಇದ್ದಾನೆ. ಇಪ್ಪತ್ತನೇ ಶತಮಾನದ ದೊಡ್ಡ ಸಂಗೀತ ಸಂಯೋಜಕ ಇದ್ದಾನೆ. ನೊಬೆಲ್ ಪಡೆದ ವಿಜ್ಞಾನಿ, ಗಾಳಿಯ ಮೆತ್ತೆಯ ಮೇಲೆ ನೀರಲ್ಲೂ ನೆಲದಲ್ಲೂ ಓಡುವ ಹೋವರ್‌ಕ್ರಾಫ್ಟ್ ಕಂಡುಹಿಡಿದ ಎಂಜಿನಿಯರ್, ಐರ್ಲೆಂಡಿನ ರಾಷ್ಟ್ರಪತಿ, ಬಿಬಿಸಿಯನ್ನು ಕಟ್ಟಿದ ಜಾನ್ ರೀತ್ ಇದ್ದಾರೆ. ಇವರ ಜೊತೆಗೇ ಸೋವಿಯತ್ ಒಕ್ಕೂಟಕ್ಕೆ ದೇಶದ ಗುಟ್ಟುಗಳನ್ನು ದಾಟಿಸಿದ ಒಬ್ಬ ಗೂಢಚಾರನೂ ಇದ್ದಾನೆ. ಈಟನ್, ಹ್ಯಾರೋ ಬಗ್ಗೆ ಎಲ್ಲರೂ ಹೇಳುತ್ತಾರೆ. ಹ್ಯಾರೋದಲ್ಲಿ ನೆಹರೂ ಓದಿದರು ಅಂತ ನಮಗೆಲ್ಲ ಗೊತ್ತು. ನನಗೆ ಅವೆರಡಕ್ಕಿಂತ ಗ್ರೆಶಮ್ಸ್ ಇಷ್ಟ.

ಈ ಶಾಲೆ ಇರುವುದು ಇಂಗ್ಲೆಂಡಿನ ಪೂರ್ವಕ್ಕೆ, ನಾರ್ಫಕ್ ಜಿಲ್ಲೆಯ ಹೋಲ್ಟ್ ಎಂಬ ಸಣ್ಣ ಊರಿನಲ್ಲಿ. ಅಲ್ಲಿಂದ ನಾಲ್ಕಾರು ಮೈಲಿ ಹೋದರೆ ಸಮುದ್ರ. 1555ರಲ್ಲಿ ಸರ್ ಜಾನ್ ಗ್ರೆಶಮ್ ಎಂಬ ಬಟ್ಟೆ ವ್ಯಾಪಾರಿ ತನ್ನ ಮನೆತನದ ಬಂಗಲೆಯನ್ನೇ ಶಾಲೆಗೆ ಬಿಟ್ಟುಕೊಟ್ಟ. ಆತ ಲಂಡನ್ನಿನ ಮೇಯರ್ ಆಗಿದ್ದವನು. ಶಾಲೆಯ ಉಸ್ತುವಾರಿಯನ್ನು ವಹಿಸಿದ್ದು ಲಂಡನ್ನಿನ ಮೀನು ವ್ಯಾಪಾರಿಗಳ ಸಂಘಕ್ಕೆ! ಆ ನಂಟು ಇವತ್ತಿಗೂ ಇದೆ. ಬಟ್ಟೆ ವ್ಯಾಪಾರಿಯ ಶಾಲೆ ಮೀನು ವ್ಯಾಪಾರಿಗಳ ಕೈಯಲ್ಲಿ ನಾಲ್ಕೂವರೆ ಶತಮಾನ ದಾಟಿದೆ.

ಮುನ್ನೂರು ಚಿಲ್ಲರೆ ವರ್ಷ ಅದು ಸುಮ್ನೆ ಒಂದು ಹಳ್ಳಿಗಾಡಿನ ಶಾಲೆಯಾಗಿತ್ತು. 1900ರಲ್ಲಿ ಹೌಸನ್ ಎಂಬ ಹೆಡ್‌ಮಾಸ್ಟರ್ ಬಂದರು. ಊರಾಚೆ ಹೊಸ ಕಟ್ಟಡ ಎದ್ದಿತು. ಆಗಿನ ದೊಡ್ಡ ಶಾಲೆಗಳೆಲ್ಲ ಗ್ರೀಕ್, ಲ್ಯಾಟಿನ್ ಅಂತ ಉರು ಹೊಡೆಸುತ್ತಿದ್ದರೆ ಈತ ವಿಜ್ಞಾನಕ್ಕೂ ಬಳಕೆಯ ಭಾಷೆಗಳಿಗೂ ಒತ್ತು ಕೊಟ್ಟರು. ಬೆತ್ತಕ್ಕೆ ಕೆಲಸ ಕಮ್ಮಿ ಮಾಡಿದರು. ಉದಾರವಾದಿ ಮನೆಗಳವರು, ಈಟನ್ನಿಗೆ ಮಕ್ಕಳನ್ನು ಕಳಿಸಲು ಮನಸ್ಸಿಲ್ಲದವರು, ಇಲ್ಲಿಗೆ ಕಳಿಸತೊಡಗಿದರು. ಮೊದಲ ಮಹಾಯುದ್ಧದಲ್ಲಿ ಹೌಸನ್ ಕಲಿಸಿದ ಹುಡುಗರಲ್ಲಿ ಸುಮಾರು ನೂರು ಜನ ಸತ್ತರು. ಯುದ್ಧ ಮುಗಿದ ಎರಡೇ ತಿಂಗಳಲ್ಲಿ, 1919ರ ಜನವರಿಯಲ್ಲಿ, ಅವರೂ ಹೋದರು.

ಬೆತ್ತ ಕಮ್ಮಿ ಮಾಡಿದರು ಅಂದೆನಲ್ಲ, ಹಾಗಾದರೆ ಶಿಸ್ತು ಹೇಗೆ? ನಾನು ಹೇಳಬೇಕಾದ ಮುಖ್ಯ ವಿಷಯ ಇಲ್ಲಿದೆ.

ಹೊಸ ಹುಡುಗ ಶಾಲೆಗೆ ಬಂದ ಕೂಡಲೇ ಅವನನ್ನು ಹಾಸ್ಟೆಲ್ ನೋಡಿಕೊಳ್ಳುವ ಮೇಷ್ಟ್ರು ಒಬ್ಬನನ್ನೇ ಕೂರಿಸಿಕೊಂಡು ಮಾತಾಡಿಸುತ್ತಿದ್ದರು. ಮೂರು ಮಾತು ಕೊಡಬೇಕು. ಕೆಟ್ಟ ಮಾತು ಆಡುವುದಿಲ್ಲ. ಸಿಗರೇಟು ಸೇದುವುದಿಲ್ಲ. ಅಶ್ಲೀಲವಾದದ್ದು ಏನನ್ನೂ ಹೇಳುವುದಿಲ್ಲ, ಮಾಡುವುದಿಲ್ಲ. ಇಷ್ಟೇ ಆಗಿದ್ದರೆ ಪರವಾಗಿಲ್ಲ. ಮಾತು ಮುರಿದರೆ ತಾನಾಗಿಯೇ ಹೋಗಿ ಮೇಷ್ಟ್ರಿಗೆ ಒಪ್ಪಿಸಬೇಕು. ಬೇರೆ ಹುಡುಗ ಮುರಿದದ್ದು ಕಂಡರೆ ಅವನಿಗೆ ಬುದ್ಧಿ ಹೇಳಿ, ಹೋಗಿ ಒಪ್ಪಿಕೋ ಅನ್ನಬೇಕು. ಅವನು ಕೇಳದಿದ್ದರೆ? ನೀನೇ ಹೋಗಿ ಹೇಳಬೇಕು.

ಮಾತಿಗೆ ತಪ್ಪದ ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರು ನಾವು. ಮೊದಲರ್ಧ ಕೇಳಿದಾಗ ಒಳ್ಳೆಯದೇ ಅನ್ನಿಸುತ್ತದೆ. ಆದರೆ ಪುಣ್ಯಕೋಟಿ ಕೊಟ್ಟದ್ದು ತನ್ನ ಮಾತು. ದೊಡ್ಡಿಯ ಬೇರೆ ಹಸುಗಳ ಮೇಲೆ ಕಣ್ಣಿಡು, ಬಂದು ನನಗೆ ಹೇಳು ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ.

ಹೌಸನ್ ಶುರು ಮಾಡಿದ ಈ ಪದ್ಧತಿಯನ್ನು ಅವರ ನಂತರ ಬಂದ ಎಕಲ್ಸ್ 1935ರವರೆಗೆ ಬಿಗಿಯಾಗಿ ನಡೆಸಿಕೊಂಡು ಬಂದರು. ಹುಡುಗರು ಕೈ ಒಳಗಿಟ್ಟುಕೊಳ್ಳಬಾರದೆಂದು ಪ್ಯಾಂಟಿನ ಜೇಬನ್ನೇ ಹೊಲಿಸಿಬಿಟ್ಟಿದ್ದರು ಅಂತಲೂ ಹೇಳುತ್ತಾರೆ.

ಈಗ ಒಬ್ಬೊಬ್ಬರನ್ನಾಗಿ ನೋಡೋಣ. ಮೊದಲು ಕವಿ, ವಿಸ್ಟನ್ ಆಡನ್. 1920ರಿಂದ 1925ರವರೆಗೆ ಅಲ್ಲಿದ್ದವನು. ತಂದೆ ಬರ್ಮಿಂಗ್‌ಹ್ಯಾಮಿನಲ್ಲಿ ಡಾಕ್ಟರ್. ಹುಡುಗನಿಗೆ ಗಣಿ, ಗಣಿ ಯಂತ್ರ ಅಂದರೆ ಹುಚ್ಚು. ಗಣಿ ಎಂಜಿನಿಯರ್ ಆಗುತ್ತೇನೆ ಅಂದುಕೊಂಡಿದ್ದ. 1922ರ ಮಾರ್ಚ್‌ನ ಒಂದು ದಿನ ರಾಬರ್ಟ್ ಮೆಡ್ಲಿ ಎಂಬ ಹಿರಿಯ ಹುಡುಗನ ಜೊತೆ ವಾಕಿಂಗ್ ಹೋಗಿದ್ದ. ಮೆಡ್ಲಿ ಚರ್ಚನ್ನು ಬೈಯತೊಡಗಿದ. ನೋಡಿದರೆ ಆಡನ್ ದೈವಭಕ್ತ! ಮಾತು ಕೆಟ್ಟಿತು. ವಿಷಯ ಬದಲಾಯಿಸಲು ಮೆಡ್ಲಿ ಕೇಳಿದ: ನೀನು ಕವಿತೆ ಬರೀತೀಯಾ?

ಆಡನ್ ಅಲ್ಲಿಯವರೆಗೆ ಬರೆದಿರಲಿಲ್ಲ. ಬರೆಯುವ ಯೋಚನೆಯೂ ಇರಲಿಲ್ಲ. ಆ ಗಳಿಗೆಯಲ್ಲಿ, ಇದೇ ನನ್ನ ಕೆಲಸ ಅನ್ನಿಸಿತು ಅಂತ ಆಮೇಲೆ ಅವನೇ ಹೇಳಿಕೊಂಡಿದ್ದಾನೆ. ಇಬ್ಬರು ಹುಡುಗರು ಮುಜುಗರ ತಪ್ಪಿಸಿಕೊಳ್ಳಲು ಆಡಿದ ಮಾತಿನಿಂದ ಶುರುವಾದದ್ದು ಅದು. ಪಾಠ ಮಾಡಿದವರು ಯಾರೂ ಇಲ್ಲ. ಮೆಡ್ಲಿ ಮುಂದೆ ಚಿತ್ರಕಾರನಾದ. ಅವನು ಸೇರಿ ಕಟ್ಟಿದ ನಾಟಕ ತಂಡವೇ ಆಡನ್‌ನ ನಾಟಕಗಳನ್ನು ರಂಗಕ್ಕೆ ತಂದಿತು.

ಆಡನ್ ಶಾಲೆಯನ್ನು ಪೂರ್ತಿ ದ್ವೇಷಿಸಲಿಲ್ಲ. ಆದರೆ ಆ ಮೂರು ಮಾತನ್ನು ಮಾತ್ರ ಕ್ಷಮಿಸಲಿಲ್ಲ. 1934ರಲ್ಲಿ ಶಾಲೆಯ ಬಗ್ಗೆ ಒಂದು ಪ್ರಬಂಧ ಬರೆದ. ಆಗ ಜರ್ಮನಿಯಲ್ಲಿ ಹಿಟ್ಲರ್ ಕುರ್ಚಿ ಹತ್ತಿ ಒಂದು ವರ್ಷ ಆಗಿತ್ತು. ನಾನು ಫ್ಯಾಸಿಸಂ ವಿರೋಧಿಸಲು ಇರುವ ಒಳ್ಳೆಯ ಕಾರಣವೆಂದರೆ ಶಾಲೆಯಲ್ಲಿ ಫ್ಯಾಸಿಸ್ಟ್ ರಾಜ್ಯದಲ್ಲೇ ಇದ್ದೆ ಅನ್ನುವುದು ಎಂಬರ್ಥದ ಮಾತನ್ನು ಅಲ್ಲಿ ಹೇಳಿದ. ಜಾಸ್ತಿ ಆಯಿತು ಅನ್ನಿಸಬಹುದು. ನನಗೂ ಸ್ವಲ್ಪ ಹಾಗೇ ಅನ್ನಿಸುತ್ತದೆ. ಆದರೆ ಅವನ ವಾದ ಗಮನಿಸಿ. ಈ ಪದ್ಧತಿ ಕೆಲಸ ಮಾಡಲಿಲ್ಲ ಅಂತ ಅವನು ಹೇಳುವುದಿಲ್ಲ. ಚೆನ್ನಾಗಿ ಕೆಲಸ ಮಾಡಿತು, ತೊಂದರೆ ಇದ್ದದ್ದೇ ಅಲ್ಲಿ ಅನ್ನುತ್ತಾನೆ. ಹುಡುಗನ ಮಾನವನ್ನೇ ಹಗ್ಗ ಮಾಡಿ ಅವನನ್ನು ಕಟ್ಟಿದರು.

ಇನ್ನೊಬ್ಬ ಚಿಲ್ಡರ್ಸ್. ಇವನ ಕಥೆ ಬೇರೆ ತರಹದ್ದು. ಆಡನ್ ಅಲ್ಲಿದ್ದ ಕಾಲಕ್ಕೇ ಎರ್ಸ್ಕಿನ್ ಚಿಲ್ಡರ್ಸ್ ಎಂಬ ಹದಿನಾರರ ಹುಡುಗನೂ ಅಲ್ಲಿದ್ದ. ತಂದೆಯ ಹೆಸರೂ ಅದೇ. ತಂದೆ ಐರಿಷ್ ಅಂತರ್ಯುದ್ಧದಲ್ಲಿ ಸರ್ಕಾರದ ಕಡೆಯವರ ಕೈಗೆ ಸಿಕ್ಕಿಬಿದ್ದ. ಸಿಕ್ಕಿಹಾಕಿಸಿದ್ದು ಬಳಿಯಲ್ಲಿದ್ದ ಒಂದು ಪುಟ್ಟ ಪಿಸ್ತೂಲು. 1922ರ ನವೆಂಬರ್ 24ರಂದು ಡಬ್ಲಿನ್ನಿನಲ್ಲಿ ಗುಂಡಿಟ್ಟು ಕೊಂದರು. ಮಗ ಜೈಲಿಗೆ ಹೋಗಿ ಕೊನೆಯ ಸಲ ನೋಡಿದಾಗ ತಂದೆ ಒಂದು ಮಾತು ತೆಗೆದುಕೊಂಡ: ನನ್ನ ಮರಣದಂಡನೆಗೆ ಸಹಿ ಹಾಕಿದ ಪ್ರತಿಯೊಬ್ಬನನ್ನೂ ಹುಡುಕಿ ಕೈಕುಲುಕಬೇಕು. ಆಮೇಲೆ ಹುಡುಗ ಹೋಲ್ಟ್‌ಗೆ ವಾಪಸ್ ಬಂದು ಪಾಠ ಮುಂದುವರಿಸಿದ. ಸಿಗರೇಟು ಸೇದುವುದಿಲ್ಲ ಎಂಬ ಮಾತು ಒಂದು ಕಡೆ, ಈ ಮಾತು ಇನ್ನೊಂದು ಕಡೆ!

ಚಿಲ್ಡರ್ಸ್ ಮುಂದೆ ಐರ್ಲೆಂಡಿನ ರಾಜಕಾರಣಕ್ಕೆ ಇಳಿದ, ಮಂತ್ರಿಯಾದ. 1973ರಲ್ಲಿ ರಾಷ್ಟ್ರಪತಿ ಚುನಾವಣೆಗೆ ನಿಂತ. ಎದುರಾಳಿ ಯಾರು ಗೊತ್ತಾ? ಟಾಮ್ ಓ'ಹಿಗಿನ್ಸ್. ಅಪ್ಪನನ್ನು ಕೊಲ್ಲಿಸಿದ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಕೆವಿನ್ ಓ'ಹಿಗಿನ್ಸ್‌ನ ಅಣ್ಣತಮ್ಮಂದಿರ ಮಗ. ಚಿಲ್ಡರ್ಸ್ ಗೆದ್ದ. ಮರುವರ್ಷ, 1974ರ ನವೆಂಬರಿನಲ್ಲಿ, ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ.

ಈಗ 1928ಕ್ಕೆ ಬನ್ನಿ. 1928ರಿಂದ 1930ರ ನಡುವೆ ಒಂದೇ ಆವರಣದಲ್ಲಿ ಯಾರ್‍ಯಾರು ಇದ್ದರು ನೋಡಿ: ಬೆಂಜಮಿನ್ ಬ್ರಿಟ್ಟನ್, ಡೊನಾಲ್ಡ್ ಮೆಕ್ಲೇನ್, ಜೇಮ್ಸ್ ಕ್ಲುಗ್ಮನ್, ಅಲನ್ ಹಾಜ್ಕಿನ್. ಸಂಗೀತಗಾರ, ಗೂಢಚಾರ, ಕಮ್ಯುನಿಸ್ಟ್, ವಿಜ್ಞಾನಿ. ಒಂದೇ ಹೆಡ್‌ಮಾಸ್ಟರು, ಅದೇ ಮೂರು ಮಾತು.

ಬ್ರಿಟ್ಟನ್ ಹಲ್ಲಿನ ಡಾಕ್ಟರ ಮಗ. ಪಕ್ಕದ ಸಫಕ್ ಜಿಲ್ಲೆಯ ಲೋವ್‌ಸ್ಟಾಫ್ಟ್ ಊರಿನವನು. ಸಂಗೀತದ ಸ್ಕಾಲರ್‌ಶಿಪ್ ಪಡೆದು ಬಂದಿದ್ದ. ಸಂಗೀತದ ಮೇಷ್ಟ್ರು ವಾಲ್ಟರ್ ಗ್ರೇಟೊರೆಕ್ಸ್. ಮೊದಲ ದಿನವೇ, ಓ, ಸ್ಟ್ರಾವಿನ್ಸ್ಕಿ ಇಷ್ಟಪಡುವ ಹುಡುಗ ನೀನೇನಾ ಅಂತ ವ್ಯಂಗ್ಯವಾಗಿ ಕೇಳಿದರಂತೆ. ಸ್ಟ್ರಾವಿನ್ಸ್ಕಿ ಅಂದರೆ ಆಗಿನ ಹೊಸ ಧಾಟಿಯ ಸಂಯೋಜಕ. ಮೇಷ್ಟ್ರಿಗೂ ಹುಡುಗನಿಗೂ ಕೂಡಿಬರಲೇ ಇಲ್ಲ. ತಮಾಷೆ ಏನೆಂದರೆ, ಇದೇ ಗ್ರೇಟೊರೆಕ್ಸ್‌ರನ್ನು ಆಡನ್ ಬಾಯಿ ತುಂಬ ಹೊಗಳುತ್ತಿದ್ದ. ಅವರ ಆರ್ಗನ್ ವಾದನವನ್ನು ಹೆಸರಾಂತ ವಾದಕ ಆಲ್ಬರ್ಟ್ ಶ್ವೈಟ್ಸರ್ ಮಟ್ಟದ್ದು ಅನ್ನುತ್ತಿದ್ದ. ಆಡನ್‌ಗೆ ಸಂಗೀತ ಇಷ್ಟ, ಬ್ರಿಟ್ಟನ್‌ಗೆ ಅದು ಬರುತ್ತಿತ್ತು. ಆ ವ್ಯತ್ಯಾಸ ಸಾಕಾಯಿತೇನೋ. ಒಬ್ಬ ಮೇಷ್ಟ್ರು ಒಳ್ಳೆಯವರೋ ಕೆಟ್ಟವರೋ ಅಂತ ಯಾರಾದರೂ ಕೇಳಿದರೆ, ಯಾರಿಗೆ ಅಂತ ತಿರುಗಿ ಕೇಳುವುದು ಒಳ್ಳೆಯದು.

ಬ್ರಿಟ್ಟನ್ ನಿಜವಾಗಿ ಕಲಿಯುತ್ತಿದ್ದದ್ದು ಶಾಲೆಯ ಹೊರಗೆ, ಫ್ರಾಂಕ್ ಬ್ರಿಡ್ಜ್ ಎಂಬ ಸಂಯೋಜಕರ ಹತ್ತಿರ. ಶಾಲೆಯಲ್ಲಿ ಹುಷಾರು ತಪ್ಪುವುದು ಜಾಸ್ತಿ. 1930ರ ಜುಲೈನಲ್ಲಿ ಹಾಗೇ ರೋಗಿಗಳ ಕೋಣೆಯಲ್ಲಿ ಮಲಗಿದ್ದಾಗ ಮೇರಿ ಮಾತೆಯ ಮೇಲೊಂದು ಸ್ತೋತ್ರಗೀತೆ ಕಟ್ಟಿದ. ಹದಿನಾರು ವರ್ಷದ ಹುಡುಗನ ಕೆಲಸ. ಇವತ್ತಿಗೂ ಜಗತ್ತಿನ ಚರ್ಚುಗಳಲ್ಲಿ ಹಾಡುತ್ತಾರೆ. ಅದೇ ತಿಂಗಳು ಶಾಲೆ ಬಿಟ್ಟು ಲಂಡನ್ನಿನ ಸಂಗೀತ ಕಾಲೇಜಿಗೆ ಹೋದ. ಮುಂದೆ 1945ರಲ್ಲಿ 'ಪೀಟರ್ ಗ್ರೈಮ್ಸ್' ಎಂಬ ಒಪೆರಾ, 1948ರಲ್ಲಿ ಆಲ್ಡ್‌ಬರೋ ಉತ್ಸವ, 1976ರಲ್ಲಿ ಲಾರ್ಡ್ ಪದವಿ. ಆ ಪದವಿ ಪಡೆದ ಮೊದಲ ಸಂಯೋಜಕ ಆತನೇ. ಆಡನ್ ಮತ್ತು ಬ್ರಿಟ್ಟನ್ ಶಾಲೆಯಲ್ಲಿ ಒಟ್ಟಿಗೆ ಇರಲೇ ಇಲ್ಲ. 1935ರಲ್ಲಿ ಅಂಚೆ ಇಲಾಖೆಯ ಸಿನಿಮಾ ಘಟಕದಲ್ಲಿ ಕೆಲಸಕ್ಕೆ ಸೇರಿ ಪರಿಚಯವಾದರು. ಕೆಲವು ವರ್ಷ ಗಾಢ ಸ್ನೇಹ, ಆಮೇಲೆ ಮುರಿದು ಬಿತ್ತು.

ಹಾಜ್ಕಿನ್ ಶಾಲೆಯಲ್ಲಿ ಹಕ್ಕಿ ನೋಡುತ್ತ ತಿರುಗಿದ ಹುಡುಗ. ನಾರ್ಫಕ್ ಕರಾವಳಿಯ ಜವುಗು ನೆಲ ಹಕ್ಕಿಗಳ ಸ್ವರ್ಗ. ಅವನಿಗಿಂತ ಸ್ವಲ್ಪ ದೊಡ್ಡವನಾದ ಡೇವಿಡ್ ಲ್ಯಾಕ್ ಕೂಡ ಅಲ್ಲಿಯವನೇ. ಆತ ಮುಂದೆ ಗಲಪಗೋಸ್ ದ್ವೀಪಕ್ಕೆ ಹೋಗಿ ಡಾರ್ವಿನ್ ನೋಡಿದ ಹಕ್ಕಿಗಳನ್ನು ಅಧ್ಯಯನ ಮಾಡಿದ. ಇನ್ನೂ ಮುಂಚೆ ಈವ್ಲಿನ್ ಹಚಿನ್ಸನ್ ಇದ್ದ. ನೀರಿನಲ್ಲಿ ಈಜುವ ಒಂದು ಮಿಡತೆಯ ಬಗ್ಗೆ ಹದಿನೈದನೇ ವಯಸ್ಸಿಗೇ ಪತ್ರಿಕೆಯಲ್ಲಿ ಟಿಪ್ಪಣಿ ಬರೆದಿದ್ದ. ಅವನನ್ನು ಇವತ್ತು ಆಧುನಿಕ ಪರಿಸರ ವಿಜ್ಞಾನದ ಪಿತಾಮಹ ಅನ್ನುತ್ತಾರೆ. 1932ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡದ ಜೊತೆ ನಮ್ಮ ಲಡಾಖಿಗೂ ಬಂದು ಅಲ್ಲಿನ ಎತ್ತರದ ಸರೋವರಗಳನ್ನು ಅಭ್ಯಾಸ ಮಾಡಿದ್ದ. ಒಂದು ಸಣ್ಣ ಶಾಲೆಯಿಂದ ಇಂಥ ಮೂವರು. ಕಾರಣ ಪಾಠಪುಸ್ತಕ ಅಂತ ನನಗನ್ನಿಸುವುದಿಲ್ಲ. ಹುಡುಗರನ್ನು ಹೊರಗೆ ಅಲೆದಾಡಲು ಬಿಟ್ಟದ್ದು, ಹೊರಗೆ ನೋಡಲು ಏನೋ ಇದ್ದದ್ದು.

ಹಾಜ್ಕಿನ್ ಕೆಲಸವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನಮ್ಮ ನರದಲ್ಲಿ ಸಂದೇಶ ಹೇಗೆ ಓಡುತ್ತದೆ? ಮನುಷ್ಯನ ನರತಂತು ಕೂದಲಿಗಿಂತ ಎಷ್ಟೋ ಸಣ್ಣದು, ಒಳಗೆ ತಂತಿ ತೂರಿಸಲು ಆಗುವುದಿಲ್ಲ. ಆದರೆ ಸ್ಕ್ವಿಡ್‌ಗೆ, ಅಂದರೆ ನಮ್ಮ ಕರಾವಳಿಯವರ ಬೊಂಡಾಸ್‌ಗೆ, ಅರ್ಧ ಮಿಲಿಮೀಟರಿಗೂ ದಪ್ಪದ ಒಂದು ನರತಂತು ಇದೆ. ಹಾಜ್ಕಿನ್ ಮತ್ತು ಆಂಡ್ರೂ ಹಕ್ಸ್‌ಲಿ ಪ್ಲಿಮತ್‌ನಲ್ಲಿ ಅದರೊಳಗೆ ವಿದ್ಯುದ್ವಾರ ಇಳಿಸಿ ಅಳತೆ ತೆಗೆದರು. ಅದು 1939ರ ಆಗಸ್ಟ್. ಕೆಲವೇ ವಾರದಲ್ಲಿ ಯುದ್ಧ ಶುರು, ಹಾಜ್ಕಿನ್ ರೇಡಾರ್ ಕೆಲಸಕ್ಕೆ ಹೋದ. ಯುದ್ಧ ಮುಗಿದ ಮೇಲೆ ಮತ್ತೆ ಸ್ಕ್ವಿಡ್. 1952ರಲ್ಲಿ ಸಮೀಕರಣಗಳು ಹೊರಬಂದವು. ಕೇಂಬ್ರಿಜ್‌ನ ಕಂಪ್ಯೂಟರ್ ಆಗ ಸಿಗದೆ ಹಕ್ಸ್‌ಲಿ ಕೈಯಲ್ಲಿ ತಿರುಗಿಸುವ ಲೆಕ್ಕದ ಯಂತ್ರದಲ್ಲೇ ವಾರಗಟ್ಟಲೆ ಲೆಕ್ಕ ಮಾಡಿದ. 1963ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಜೊತೆಗೆ ಹಂಚಿಕೊಂಡ ಮೂರನೆಯವರು ಆಸ್ಟ್ರೇಲಿಯಾದ ಜಾನ್ ಎಕಲ್ಸ್. ಹೆಡ್‌ಮಾಸ್ಟರ ಅಡ್ಡಹೆಸರೇ, ಆದರೆ ಬೇರೆ ಮನುಷ್ಯ.

ಇನ್ನು ಮೆಕ್ಲೇನ್. ಶಾಲೆಯವರು ಹೇಳಿಕೊಳ್ಳಲು ಹಿಂಜರಿಯುವ ಹೆಸರು. ತಂದೆ ಸರ್ ಡೊನಾಲ್ಡ್ ಮೆಕ್ಲೇನ್, ಲಿಬರಲ್ ಪಕ್ಷದ ದೊಡ್ಡ ನಾಯಕ, ಶಿಕ್ಷಣ ಮಂತ್ರಿಯಾದವರು, ಹೆಂಡ ಮುಟ್ಟದ ಕಟ್ಟಾ ಕ್ರೈಸ್ತ. ಮನೆಯಲ್ಲೂ ಕಟ್ಟುನಿಟ್ಟು, ಶಾಲೆಯಲ್ಲೂ ಕಟ್ಟುನಿಟ್ಟು. ಶಾಲೆಯಲ್ಲಿ ಕ್ಲುಗ್ಮನ್ ಗೆಳೆಯ. ಇಬ್ಬರೂ ಕೇಂಬ್ರಿಜ್‌ಗೆ ಹೋದರು. ಕ್ಲುಗ್ಮನ್ ತಾನು ಕಮ್ಯುನಿಸ್ಟ್ ಅಂತ ಎಲ್ಲರ ಮುಂದೆ ಹೇಳಿಕೊಂಡು ಬದುಕಿದ, ಪಕ್ಷದ ಇತಿಹಾಸ ಬರೆದ. ಮೆಕ್ಲೇನ್ ಹೇಳಿಕೊಳ್ಳಲಿಲ್ಲ. 1934ರಲ್ಲಿ ಸೋವಿಯತ್ ಗುಪ್ತಚರರ ಜೊತೆ ಕೈಜೋಡಿಸಿದ.

1935ರಲ್ಲಿ ವಿದೇಶಾಂಗ ಇಲಾಖೆಯ ಸಂದರ್ಶನ. ಕೇಂಬ್ರಿಜ್‌ನಲ್ಲಿ ನಿಮಗೆ ಕಮ್ಯುನಿಸ್ಟ್ ವಿಚಾರ ಇತ್ತಂತಲ್ಲ, ಈಗಲೂ ಇದೆಯಾ ಅಂತ ಕೇಳಿದರು. ಒಂದು ಕ್ಷಣ ಯೋಚಿಸಿದ. ಇಲ್ಲ ಅನ್ನಲಿಲ್ಲ. ಇತ್ತು, ಇನ್ನೂ ಪೂರ್ತಿ ಬಿಟ್ಟುಹೋಗಿಲ್ಲ ಅಂದ. ಮಂಡಳಿಯವರು ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರಂತೆ. ಎಂಥ ಪ್ರಾಮಾಣಿಕ ಹುಡುಗ! ಕೆಲಸ ಸಿಕ್ಕಿತು. ಈ ಘಟನೆ ಅವನೇ ಹೇಳಿಕೊಂಡದ್ದು. ನನಗಂತೂ ಇದನ್ನು ಓದಿದಾಗ ಹೋಲ್ಟ್‌ನ ಆ ಕೋಣೆಯೇ ನೆನಪಾಯಿತು. ತಪ್ಪನ್ನು ತಾನಾಗಿ ಒಪ್ಪಿಕೊಂಡ ಹುಡುಗನನ್ನು ಹಿರಿಯರು ನಂಬಿಬಿಡುತ್ತಾರೆ. ಅವನು ಅದನ್ನು ಹದಿಮೂರರ ವಯಸ್ಸಿನಲ್ಲೇ ಕಲಿತಿದ್ದ. ಇದು ನನ್ನ ಊಹೆ, ಸಾಕ್ಷಿ ಕೇಳಬೇಡಿ.

ಪ್ಯಾರಿಸ್, ವಾಷಿಂಗ್ಟನ್, ಕೈರೋ ಅಂತ ಮೇಲೇರುತ್ತ ಹೋದ. ಕೈರೋದಲ್ಲಿ ಕುಡಿತ ಹದ್ದು ಮೀರಿತು, ಒಬ್ಬರ ಮನೆಗೆ ನುಗ್ಗಿ ಸಾಮಾನೆಲ್ಲ ಪುಡಿ ಮಾಡಿದ. ಆದರೂ ಲಂಡನ್ನಿಗೆ ಕರೆಸಿ, ಸ್ವಲ್ಪ ವಿಶ್ರಾಂತಿ ಕೊಟ್ಟು, ಅಮೆರಿಕ ವಿಭಾಗಕ್ಕೆ ಮುಖ್ಯಸ್ಥನನ್ನಾಗಿ ಮಾಡಿದರು. ಒಳ್ಳೆ ಮನೆತನ, ಒಳ್ಳೆ ಶಾಲೆ, ನಮ್ಮ ಹುಡುಗ ಅನ್ನುವ ಭಾವ. 1951ರ ಮೇ 25, ಅವನಿಗೆ 38 ತುಂಬಿದ ದಿನ. ಗುಟ್ಟು ಬಯಲಾಗುವ ಹೊತ್ತು ಹತ್ತಿರ ಬಂದಿತ್ತು. ಅಂದು ರಾತ್ರಿ ಗೈ ಬರ್ಜೆಸ್ ಎಂಬ ಇನ್ನೊಬ್ಬ ಗೂಢಚಾರನ ಜೊತೆ ಕಾರಿನಲ್ಲಿ ಸೌತಾಂಪ್ಟನ್‌ಗೆ ಹೋಗಿ ಫ್ರಾನ್ಸಿನ ಹಡಗು ಹತ್ತಿದ. ತುಂಬು ಗರ್ಭಿಣಿ ಹೆಂಡತಿ ಮನೆಯಲ್ಲಿದ್ದಳು. ಮಾಸ್ಕೋದಲ್ಲಿ ಉಳಿದ ಮೂವತ್ತು ಚಿಲ್ಲರೆ ವರ್ಷ ರಷ್ಯನ್ ಕಲಿತು, ಒಂದು ಸಂಶೋಧನಾ ಸಂಸ್ಥೆಯಲ್ಲಿ ಇಂಗ್ಲೆಂಡಿನ ವಿದೇಶಾಂಗ ನೀತಿಯ ತಜ್ಞನಾಗಿ ದುಡಿದ. 1983ರಲ್ಲಿ ಸತ್ತ. ಚಿತಾಭಸ್ಮವನ್ನು ಇಂಗ್ಲೆಂಡಿಗೆ ತಂದು ಅಪ್ಪ ಅಮ್ಮನ ಪಕ್ಕ ಇಟ್ಟರು.

ಅದೇ ಮೂರು ಮಾತು ಕೊಟ್ಟ ಸಾವಿರಾರು ಹುಡುಗರು ಗೂಢಚಾರರಾಗಲಿಲ್ಲ, ಆದ್ದರಿಂದ ಎಲ್ಲವನ್ನೂ ಶಾಲೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ನೊಬೆಲ್ ಬಂದಾಗ ಶಾಲೆ ತಲೆ ಎತ್ತಿ ನಡೆಯುತ್ತದೆ ತಾನೇ? ಹಾಗಾದರೆ ಲೆಕ್ಕದ ಎರಡೂ ಕಡೆ ಬರೆಯಬೇಕಾಗುತ್ತದೆ.

ಸ್ವಲ್ಪ ಹಗುರವಾದ ಕಥೆಗೆ ಹೋಗೋಣ. ಕ್ರಿಸ್ಟೋಫರ್ ಕಾಕರೆಲ್. ತಂದೆ ಸಿಡ್ನಿ ಕಾಕರೆಲ್ ಕೇಂಬ್ರಿಜ್‌ನ ಮ್ಯೂಸಿಯಂ ನಿರ್ದೇಶಕ. ಹಳೆಯ ಹಸ್ತಪ್ರತಿಗಳಲ್ಲಿ ಮುಳುಗಿದ ಮನುಷ್ಯ. ಮಗ ಯಂತ್ರ ಬಿಚ್ಚುವವನು. ಗ್ಯಾರೇಜ್ ಕೆಲಸದವನಿಗಿಂತ ಇವನು ಮೇಲಲ್ಲ ಅಂತ ತಂದೆ ಬೇಸರಪಡುತ್ತಿದ್ದರಂತೆ. ಕಾಕರೆಲ್ ಮಾರ್ಕೋನಿ ಕಂಪನಿಯಲ್ಲಿ ದುಡಿದು, ಆಮೇಲೆ ಅದೇ ನಾರ್ಫಕ್ ಕಡೆಯ ಹಿನ್ನೀರಿನಲ್ಲಿ ದೋಣಿ ಕಟ್ಟುವ ಕಾರ್ಖಾನೆ ಇಟ್ಟ. ನೀರು ದೋಣಿಯನ್ನು ಹಿಡಿದೆಳೆಯುವುದನ್ನು ತಪ್ಪಿಸುವುದು ಹೇಗೆ ಅನ್ನುವುದೇ ಅವನ ಯೋಚನೆ.

1955ರಲ್ಲಿ ಒಂದು ಕಾಫಿ ಡಬ್ಬಿ ತೆಗೆದುಕೊಂಡ. ಅದರೊಳಗೆ ಬೆಕ್ಕಿನ ಆಹಾರದ ಸಣ್ಣ ಡಬ್ಬಿ ಇಟ್ಟ. ಎರಡರ ನಡುವಿನ ಸಂದಿಯಿಂದ ಗಾಳಿ ಊದಿಸಿ ಅಡುಗೆಮನೆಯ ತಕ್ಕಡಿಯ ಮೇಲೆ ಒತ್ತಡ ಅಳೆದ. ಒಂದೇ ಡಬ್ಬಿಯಿಂದ ಊದಿದ್ದಕ್ಕಿಂತ ಸಂದಿಯಿಂದ ಊದಿದಾಗ ತಕ್ಕಡಿ ಜಾಸ್ತಿ ಇಳಿಯಿತು! ಅಂಚಿನ ಗಾಳಿ ಪರದೆಯ ಹಾಗೆ ನಿಂತು, ಒಳಗಿನ ಗಾಳಿ ಹೊರಗೆ ಹೋಗದಂತೆ ತಡೆಯುತ್ತದೆ. ಹೋವರ್‌ಕ್ರಾಫ್ಟ್‌ನ ಗುಟ್ಟು ಇಷ್ಟೇ. ಡಿಸೆಂಬರಿನಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ. ಕೊಳ್ಳುವವರು ಮಾತ್ರ ಸಿಗಲಿಲ್ಲ. ನೌಕಾಪಡೆ ಇದು ದೋಣಿಯಲ್ಲ, ವಿಮಾನ ಅಂದಿತು. ವಾಯುಪಡೆ ಇದು ವಿಮಾನವಲ್ಲ, ದೋಣಿ ಅಂದಿತು. ಭೂಸೇನೆಗೆ ಆಸಕ್ತಿಯೇ ಇರಲಿಲ್ಲ. ಇದು ಕಾಕರೆಲ್ ಆಮೇಲೆ ಹೇಳುತ್ತಿದ್ದ ನಗೆ ಮಾತು. ಕೊನೆಗೆ 1959ರ ಜುಲೈ 25ರಂದು ಅವನ ಯಂತ್ರ ಇಂಗ್ಲಿಷ್ ಕಾಲುವೆ ದಾಟಿತು. ಲೂಯಿ ಬ್ಲೆರಿಯೊ ವಿಮಾನದಲ್ಲಿ ಅದೇ ಕಾಲುವೆ ದಾಟಿ ಸರಿಯಾಗಿ ಐವತ್ತು ವರ್ಷ. ತೂಕ ಸರಿದೂಗಿಸಲು ಕಾಕರೆಲ್ ತಾನೇ ಯಂತ್ರದ ಮುಂದೆ ಕೂತಿದ್ದ. ಇವತ್ತು ಗುಜರಾತಿನ ಕಛ್ ಕಡೆಯ ಜವುಗಿನಲ್ಲಿ ನಮ್ಮ ಕೋಸ್ಟ್ ಗಾರ್ಡ್ ಓಡಿಸುವುದೂ ಇದೇ ತತ್ತ್ವದ ಯಂತ್ರ. ಆತನಿಗೆ ಸರ್ ಪದವಿ ಬಂತು, ದುಡ್ಡು ಅಷ್ಟಕ್ಕಷ್ಟೇ.

ಎವರೆಸ್ಟ್ ವಿಷಯಕ್ಕೆ ಬಂದರೆ ಇದೇ ಶಾಲೆಯಲ್ಲಿ ಓದಿದ ಟಾಮ್ ಬೋರ್ಡಿಲನ್ ಹೆಸರು ಹೇಳಲೇಬೇಕು. 1953ರ ಮೇ 26ರಂದು, ಹಿಲರಿ ಮತ್ತು ತೇನ್‌ಸಿಂಗ್‌ಗಿಂತ ಮೂರು ದಿನ ಮುಂಚೆ, ಬೋರ್ಡಿಲನ್ ಮತ್ತು ಚಾರ್ಲ್ಸ್ ಇವಾನ್ಸ್ ದಕ್ಷಿಣ ಶಿಖರ ಮುಟ್ಟಿದರು. ತುದಿಗೆ ಬರೀ 300 ಅಡಿ ಬಾಕಿ. ಬೋರ್ಡಿಲನ್ ತನ್ನ ತಂದೆಯ ಜೊತೆ ಸೇರಿ ತಯಾರಿಸಿದ ಆಕ್ಸಿಜನ್ ಸಾಧನ ಬೆನ್ನ ಮೇಲಿತ್ತು. ಇವಾನ್ಸ್‌ನ ಸಾಧನ ತೊಂದರೆ ಕೊಟ್ಟಿತು, ಹೊತ್ತೂ ಮೀರಿತ್ತು. ಬೋರ್ಡಿಲನ್‌ಗೆ ಮುಂದೆ ಹೋಗುವ ಆಸೆ. ಇವಾನ್ಸ್ ಬೇಡ ಅಂದ. ಇಬ್ಬರೂ ಇಳಿದರು, ಬದುಕಿಕೊಂಡರು. ಮೂರೇ ವರ್ಷದಲ್ಲಿ ಬೋರ್ಡಿಲನ್ ಸ್ವಿಟ್ಜರ್ಲೆಂಡಿನ ಬೆಟ್ಟವೊಂದರಿಂದ ಬಿದ್ದು ಸತ್ತ. 32 ವರ್ಷ.

ಇಲ್ಲಿಯವರೆಗೆ ನಾನು ಹೇಳಿದ ಹುಡುಗರ ಅಪ್ಪಂದಿರನ್ನು ಒಮ್ಮೆ ನೆನಪಿಸಿಕೊಳ್ಳಿ. ಡಾಕ್ಟರ್, ಮಂತ್ರಿ, ಮ್ಯೂಸಿಯಂ ನಿರ್ದೇಶಕ, ವಿಜ್ಞಾನಿ. ಶಾಲೆ ಇವರನ್ನು ರೂಪಿಸಿತು ಅನ್ನುವ ಮುಂಚೆ ಈ ಪಟ್ಟಿಯನ್ನೂ ನೋಡಬೇಕು. ಇದಕ್ಕೆ ಹೊರತಾದವರೂ ಇದ್ದಾರೆ. ಜೇಮ್ಸ್ ಡೈಸನ್‌ರ ತಂದೆ ಅಲೆಕ್ ಇದೇ ಶಾಲೆಯಲ್ಲಿ ಗ್ರೀಕ್, ಲ್ಯಾಟಿನ್ ಕಲಿಸುವ ಮೇಷ್ಟ್ರು. 1956ರಲ್ಲಿ ಕ್ಯಾನ್ಸರಿನಿಂದ ಹೋದರು. ಜೇಮ್ಸ್‌ಗೆ ಆಗ ಒಂಬತ್ತು ವರ್ಷ. ಮನೆಯಲ್ಲಿ ಫೀಸು ಕಟ್ಟುವ ಶಕ್ತಿ ಇರಲಿಲ್ಲ. ಆಗಿನ ಹೆಡ್‌ಮಾಸ್ಟರ್ ಬ್ರೂಸ್-ಲಾಕ್‌ಹಾರ್ಟ್ ಅವನನ್ನೂ ಅವನ ಅಣ್ಣನನ್ನೂ ಶಾಲೆಯಲ್ಲೇ ಉಳಿಸಿಕೊಂಡರು. ಓದಿನಲ್ಲಿ ಅಷ್ಟೇನೂ ಮುಂದಿಲ್ಲದ ಹುಡುಗ ಮರಳು ದಿಬ್ಬಗಳ ಮೇಲೆ ಒಬ್ಬನೇ ಮೈಲಿಗಟ್ಟಲೆ ಓಡುವುದು ಅಭ್ಯಾಸ ಮಾಡಿಕೊಂಡ. ಚೀಲ ಇಲ್ಲದ ವ್ಯಾಕ್ಯೂಮ್ ಕ್ಲೀನರ್‌ಗಾಗಿ 5,127 ಮಾದರಿ ಮಾಡಿದವರು ಇವರೇ. 2019ರಲ್ಲಿ ಶಾಲೆಗೆ 1 ಕೋಟಿ 87 ಲಕ್ಷ ಪೌಂಡಿಗೂ ಹೆಚ್ಚು ಕೊಟ್ಟು ವಿಜ್ಞಾನ, ತಂತ್ರಜ್ಞಾನಕ್ಕೆ ಕಟ್ಟಡ ಕಟ್ಟಿಸಿದರು. ಅದೇ ವರ್ಷ ತಮ್ಮ ಕಂಪನಿಯ ಮುಖ್ಯ ಕಚೇರಿಯನ್ನು ಸಿಂಗಪುರಕ್ಕೆ ಸಾಗಿಸುವುದಾಗಿ ಹೇಳಿ ಇಂಗ್ಲೆಂಡಿನ ಪತ್ರಿಕೆಗಳಿಂದ ಬೈಸಿಕೊಂಡರು ಅನ್ನುವುದನ್ನೂ ಸೇರಿಸುತ್ತೇನೆ. ನಾನು ಸ್ಮರಣ ಸಂಚಿಕೆಯವನಲ್ಲವಲ್ಲ.

ಒಂದು ಗಮನಿಸಿರಬಹುದು, ನಾನು ಹೇಳಿದ ಹೆಸರೆಲ್ಲ ಗಂಡಸರದ್ದೇ. ಮುಂದಿನ ಸಾಲಿನಲ್ಲಿರುವ ಹುಡುಗಿಯರು ಆಗಲೇ ಒಬ್ಬರನ್ನೊಬ್ಬರು ನೋಡಿಕೊಂಡರು. ಕಾರಣ ಸರಳ. 1971ರವರೆಗೆ ಅಲ್ಲಿ ಹುಡುಗಿಯರಿಗೆ ಪ್ರವೇಶವೇ ಇರಲಿಲ್ಲ, ಅಂದರೆ ಶಾಲೆ ಶುರುವಾಗಿ 416 ವರ್ಷ. ಆಮೇಲೆ ಓದಿದವರಲ್ಲಿ ನಟಿ ಒಲಿವಿಯಾ ಕೋಲ್ಮನ್ ಒಬ್ಬರು. 2019ರಲ್ಲಿ ಆಸ್ಕರ್ ಪಡೆದರು. ಅವರ ಜೊತೆ, ಅವರ ನಂತರ ಓದಿದ ಹುಡುಗಿಯರ ಬಗ್ಗೆ ಬರವಣಿಗೆ ಈಗಷ್ಟೇ ಶುರುವಾಗಿದೆ. ಪ್ರಶ್ನೆಗಳಿದ್ದರೆ ಕೇಳಿ, ಮೊದಲು ಮುಂದಿನ ಸಾಲಿನಿಂದ.